ಬಿಟ್ಟ ಅಸ್ತ್ರ ಮರಳಿ ಬಾರದು



ಇಂದಿನ ಪ್ರವಚನದ ವಿಷಯ ನಾವು ಆರಿಸಿಕೊಂಡದ್ದಲ್ಲ, ನೀವೇ ತಂದುಕೊಟ್ಟದ್ದು. ಅಡಿಕೆ ಸುಗ್ಗಿ ಮುಗಿದ ಮೇಲೆ ಮಠಕ್ಕೆ ಬಂದ ಭಕ್ತರಲ್ಲಿ ಇಬ್ಬರು ಮೂವರು ಒಂದೇ ಮಾತನ್ನು ಕೇಳಿದರು. “ಬುದ್ಧೀ, ನಮ್ಮದು ತೋಟದ ಮನೆ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆ ಇಲ್ಲ. ಒಳಗೆ ಅಡಿಕೆ ಚೀಲ, ಹೆಣ್ಣುಮಕ್ಕಳ ಮೈಮೇಲೆ ಬಂಗಾರ. ಕಾಲವಂತೂ ಕೆಟ್ಟಿದೆ. ಒಂದು ರಿವಾಲ್ವರ್ ತೆಗೆದುಕೊಳ್ಳೋಣ ಅಂತಿದ್ದೇವೆ. ಯಾವುದು ಒಳ್ಳೆಯದು? ತಮ್ಮ ಅಪ್ಪಣೆ ಏನು?”

ಮಠದಲ್ಲಿ ಬಂದೂಕಿನ ಮಾತೇ ಎಂದು ನಗಬೇಡಿರಿ. ಭಯ ಎಂಬುದು ಸಣ್ಣ ವಿಷಯವಲ್ಲ. ರಾತ್ರಿ ನಾಯಿ ಬೊಗಳಿದರೆ ಎದ್ದು ಕೂತು ಬೆಳಗು ಮಾಡುವ ಮನೆಯೊಡೆಯನಿಗೆ “ದೇವರಿದ್ದಾನೆ, ಮಲಗು” ಎಂದಷ್ಟೇ ಹೇಳಿ ಕಳಿಸಿದರೆ ಗುರುವಿನ ಕೆಲಸ ಮುಗಿಯಲಿಲ್ಲ. ಹೆಂಡಿರು ಮಕ್ಕಳನ್ನು ಕಾಪಾಡುವುದು ಗೃಹಸ್ಥನ ಧರ್ಮ. ಧರ್ಮಶಾಸ್ತ್ರಕಾರರು ಆರು ಬಗೆಯ ಆತತಾಯಿಗಳನ್ನು ಹೇಳಿದ್ದಾರೆ: ಮನೆಗೆ ಬೆಂಕಿ ಇಡುವವನು, ವಿಷವಿಕ್ಕುವವನು, ಶಸ್ತ್ರ ಹಿಡಿದು ಮೇಲೆ ಬೀಳುವವನು, ಧನವನ್ನು ದೋಚುವವನು, ಭೂಮಿಯನ್ನು ಕಸಿಯುವವನು, ಪತ್ನಿಯನ್ನು ಅಪಹರಿಸುವವನು. ಇಂಥವನನ್ನು ತಡೆಯುವುದು ಪಾಪವೆಂದು ಅವರು ಹೇಳಲಿಲ್ಲ. ಆದುದರಿಂದ ಆಯುಧ ಹಿಡಿಯಬಾರದೆಂದು ನಾವೂ ಒಂದೇ ಮಾತಿನಲ್ಲಿ ಹೇಳುವುದಿಲ್ಲ. ಆದರೆ ಹಿಡಿಯುವ ಮುನ್ನ ತೂಗಿ ನೋಡಬೇಕು. ಅಡಿಕೆ ತೂಗುವಾಗ ನೀವು ಎಷ್ಟು ಎಚ್ಚರವಾಗಿರುತ್ತೀರೋ ಅಷ್ಟು ಎಚ್ಚರ ಇದಕ್ಕೂ ಬೇಕು.

ಸಂಸ್ಕೃತದಲ್ಲಿ ಎರಡು ಮಾತುಗಳಿವೆ: ಶಸ್ತ್ರ ಮತ್ತು ಅಸ್ತ್ರ. ಕೈಯಲ್ಲಿ ಹಿಡಿದೇ ಹೊಡೆಯುವುದು ಶಸ್ತ್ರ. ಕತ್ತಿ, ಗದೆ ಇಂಥವು. ಕೈಯಿಂದ ಬಿಟ್ಟು ಹೊಡೆಯುವುದು ಅಸ್ತ್ರ. ಎತ್ತಿದ ಕತ್ತಿಯನ್ನು ನಡುವೆಯೇ ತಡೆಹಿಡಿಯಬಹುದು. ಬಿಟ್ಟ ಬಾಣವನ್ನು ತಡೆಯಲಾಗದು. ರಿವಾಲ್ವರು ಕೈಯಲ್ಲಿರುವವರೆಗೆ ಶಸ್ತ್ರದಂತೆ ಕಾಣುತ್ತದೆ, ಕುದುರೆ ಎಳೆದ ಕ್ಷಣಕ್ಕೆ ಅಸ್ತ್ರವಾಗುತ್ತದೆ. ಅದಕ್ಕಾಗಿಯೇ ಹಿಂದಿನವರು ಅಸ್ತ್ರವಿದ್ಯೆಯಲ್ಲಿ ಪ್ರಯೋಗವನ್ನು ಮಾತ್ರ ಕಲಿಸುತ್ತಿರಲಿಲ್ಲ, ಉಪಸಂಹಾರವನ್ನೂ ಕಲಿಸುತ್ತಿದ್ದರು. ಮಹಾಭಾರತದ ಕಥೆ ನಿಮಗೆ ಗೊತ್ತಿದೆ. ಯುದ್ಧ ಮುಗಿದ ಮೇಲೆ ಅಶ್ವತ್ಥಾಮನೂ ಅರ್ಜುನನೂ ಬ್ರಹ್ಮಾಸ್ತ್ರಗಳನ್ನು ಬಿಟ್ಟರು. ಹಿಂತೆಗೆದುಕೊಳ್ಳಿರೆಂದು ಋಷಿಗಳು ಹೇಳಿದಾಗ ಅರ್ಜುನ ಹಿಂತೆಗೆದ. ಅಶ್ವತ್ಥಾಮನಿಗೆ ಸಾಧ್ಯವಾಗಲಿಲ್ಲ. ಆ ಅಸ್ತ್ರ ಹೋಗಿ ಬಿದ್ದದ್ದು ಎಲ್ಲಿ? ಉತ್ತರೆಯ ಗರ್ಭದಲ್ಲಿದ್ದ ಕೂಸಿನ ಮೇಲೆ. ಕೋಪ ಇದ್ದದ್ದು ವೀರರ ಮೇಲೆ, ಪೆಟ್ಟು ಬಿದ್ದದ್ದು ಹುಟ್ಟದ ಮಗುವಿಗೆ. ಗುಂಡಿಗೆ ಉಪಸಂಹಾರವಿಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿರಿ.

ಮೊದಲು ಲೋಕದ ವ್ಯವಸ್ಥೆಯನ್ನು ನೋಡೋಣ. ನಮ್ಮ ದೇಶದಲ್ಲಿ ಬಂದೂಕು ಅಂಗಡಿಗೆ ಹೋಗಿ ಕೊಂಡು ತರುವ ವಸ್ತುವಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಜಿಲ್ಲೆಯಲ್ಲಿ ಅದನ್ನು ಕೊಡುವವರು ಜಿಲ್ಲಾಧಿಕಾರಿಗಳು, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರು. ಆತ್ಮರಕ್ಷಣೆಗೆಂದು ಕೇಳುವವನಿಗೆ 21 ವರ್ಷ ತುಂಬಿರಬೇಕು, ಪೊಲೀಸರ ವಿಚಾರಣೆ ಆಗಬೇಕು. 2016ರ ನಿಯಮಗಳ ಮೇಲೆ ಆಯುಧವನ್ನು ಸುರಕ್ಷಿತವಾಗಿ ಹಿಡಿಯುವ ತರಬೇತಿಯೂ ಬೇಕು, ಭದ್ರವಾಗಿ ಇಡುತ್ತೇನೆಂದು ಬರೆದುಕೊಡಲೂ ಬೇಕು. 2019ರ ತಿದ್ದುಪಡಿಯಾದ ಮೇಲೆ ಒಬ್ಬನ ಬಳಿ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಲೈಸೆನ್ಸಿನ ಅವಧಿ 5 ವರ್ಷ. ಹೊರಗೆ ಒಯ್ದರೆ ಚೀಲದಲ್ಲಿರಬೇಕು, ಜನರೆದುರು ಝಳಪಿಸುವಂತಿಲ್ಲ. ಮದುವೆ ದಿಬ್ಬಣದಲ್ಲಿ ಸಂತೋಷಕ್ಕೆಂದು ಗಾಳಿಯಲ್ಲಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆಮನೆ, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಳೆದುಹೋದರೆ ತಡಮಾಡದೆ ಠಾಣೆಗೆ ತಿಳಿಸಬೇಕು. ಇಷ್ಟನ್ನೂ ಹೊರಲು ಸಿದ್ಧನಿಲ್ಲದವನು ಆ ಮಾತನ್ನು ಇಲ್ಲಿಗೇ ಬಿಡುವುದು ಲೇಸು. ಲೈಸೆನ್ಸಿಲ್ಲದ ನಾಡಪಿಸ್ತೂಲನ್ನು ಯಾರೋ ಅಗ್ಗಕ್ಕೆ ಕೊಡುತ್ತಾನೆಂದು ತರುವವನಂತೂ ಕಳ್ಳ ಬರುವ ಮೊದಲೇ ಕಳ್ಳನನ್ನು ಮನೆಗೆ ಕರೆತಂದಂತೆ.

ಇನ್ನು ಯಾವುದನ್ನು ತೆಗೆದುಕೊಳ್ಳಬೇಕೆಂಬ ಪ್ರಶ್ನೆ. 9 ಮಿಲಿಮೀಟರ್, .38 ಮುಂತಾದ ಅಳತೆಯವು ಸಾಮಾನ್ಯ ಪ್ರಜೆಗೆ ಸಿಗುವುದಿಲ್ಲ. ಹೆಚ್ಚಾಗಿ ಸಿಗುವುದು .32 ಅಳತೆಯ ರಿವಾಲ್ವರು ಅಥವಾ ಪಿಸ್ತೂಲು. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರು ಬಹುಕಾಲದಿಂದ ಬಳಕೆಯಲ್ಲಿದೆ. 2014ರಲ್ಲಿ ಹೆಣ್ಣುಮಕ್ಕಳಿಗೆಂದು ‘ನಿರ್ಭೀಕ್’ ಎಂಬ ಹೆಸರಿನಲ್ಲಿ ಅರ್ಧ ಕಿಲೋ ತೂಕದ ಹಗುರಾದ ರಿವಾಲ್ವರನ್ನು ಅಲ್ಲಿ ತಯಾರಿಸಿದರು. ಆಗ ಅದರ ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ.

ರಿವಾಲ್ವರಿನಲ್ಲಿ ತಿರುಗುವ ಉರುಳೆ ಇರುತ್ತದೆ. ಅದರ ಮನೆಗಳಲ್ಲಿ ಗುಂಡುಗಳು ಕೂತಿರುತ್ತವೆ. ತೆರೆದರೆ ತುಂಬಿದೆಯೋ ಖಾಲಿಯೋ ಕಣ್ಣಿಗೆ ಕಾಣುತ್ತದೆ. ಒಂದು ಗುಂಡು ಹಾರದಿದ್ದರೆ ಮತ್ತೆ ಕುದುರೆ ಎಳೆದರೆ ಮುಂದಿನದು ಬರುತ್ತದೆ. ಎಳೆತವೂ ಉದ್ದ, ಬಿಗಿ. ಬೆರಳು ತಾಗಿದ ಮಾತ್ರಕ್ಕೆ ಹಾರುವುದಿಲ್ಲ. ಆದರೆ ಹಿಂದಿನ ಸುತ್ತಿಗೆಯನ್ನು ಎಳೆದು ನಿಲ್ಲಿಸಿಬಿಟ್ಟರೆ ಅದೇ ಕುದುರೆ ಬಲು ಹಗುರವಾಗುತ್ತದೆ. ಕೈ ನಡುಗಿದರೂ ಸಾಕು. ಪಿಸ್ತೂಲಿನಲ್ಲಿ ಗುಂಡುಗಳ ಡಬ್ಬಿ ಹಿಡಿಯೊಳಗೆ ಇರುತ್ತದೆ. ಡಬ್ಬಿ ಹೊರಗೆ ತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. “ಖಾಲಿ ಇದೆ” ಎಂದುಕೊಂಡು ಹಾರಿಸಿ ಸತ್ತವರೂ ಕೊಂದವರೂ ಲೋಕದಲ್ಲಿ ಬಹಳ. ಹಳೆಯ ಕೈಗೆ, ಅಭ್ಯಾಸವಿಲ್ಲದವನಿಗೆ ರಿವಾಲ್ವರೇ ಸುಲಭವೆಂದು ತಿಳಿದವರು ಹೇಳುತ್ತಾರೆ. ಬಹಳ ಹಗುರಾದದ್ದು ಹಾರಿಸುವಾಗ ಕೈಯಲ್ಲಿ ಒದೆಯುತ್ತದೆ ಎಂಬುದೂ ನೆನಪಿರಲಿ. ಕೈಗೆ ಕೂಡುವುದನ್ನು ಆರಿಸಬೇಕು, ಕಣ್ಣಿಗೆ ಚೆಂದ ಕಂಡದ್ದನ್ನಲ್ಲ.

ಇಷ್ಟು ಹೇಳಿದ ಮೇಲೆ “ಸರಿ, ಬುದ್ಧಿಯವರು ರಿವಾಲ್ವರ್ ಎಂದರು” ಎಂದು ಎದ್ದು ಹೋಗಬೇಡಿರಿ! ಮುಖ್ಯ ಮಾತು ಇನ್ನು ಮುಂದಿದೆ. ಅದನ್ನು ತಂದು ಇಡುವುದು ಎಲ್ಲಿ?

ಕಳ್ಳನಿಗಾಗಿ ತಂದದ್ದು ಕಳ್ಳ ಬಂದಾಗ ಕೈಗೆ ಸಿಗಬೇಕು. ಹಾಗಾದರೆ ದಿಂಬಿನ ಕೆಳಗೆ ಇರಬೇಕು. ದಿಂಬಿನ ಕೆಳಗೆ ಇದ್ದರೆ ಮೊಮ್ಮಗನಿಗೆ ಸಿಗುತ್ತದೆ. ಮೊಮ್ಮಗನಿಗೆ ಸಿಗಬಾರದೆಂದು ತಿಜೋರಿಯಲ್ಲಿಟ್ಟು ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಇಟ್ಟರೆ, ಕಳ್ಳ ಬಂದಾಗ ಕತ್ತಲಲ್ಲಿ ಬೀಗದ ಕೈ ಹುಡುಕಬೇಕು. ಈ ಗಂಟನ್ನು ಬಿಡಿಸುವ ಪಿಸ್ತೂಲು ಯಾವ ಕಾರ್ಖಾನೆಯಲ್ಲಿಯೂ ಆಗಿಲ್ಲ. ಮಕ್ಕಳಿರುವ ಮನೆಯಲ್ಲಿ ಮಾತ್ರ ಇದಕ್ಕೆ ಎರಡನೆಯ ಯೋಚನೆ ಇಲ್ಲ: ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ, ಬೀಗ, ಗುಂಡು ಬೇರೆ. ಎಚ್ಚರದ ಎಣಿಕೆ ತಪ್ಪಿದರೆ ಕಳ್ಳನಿಂದ ಹೋಗುವುದು ಬಂಗಾರ. ಮಗುವಿನ ಕೈಯಿಂದ ಹೋಗುವುದು ಮಗುವೇ.

ಆಯುಧವಿದ್ದರೆ ಅಭಯವೆಂದು ನಂಬುವವರು ಇನ್ನೊಂದನ್ನೂ ಯೋಚಿಸಬೇಕು. ಡಾ. ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಬಂದವನು ಬಾಗಿಲು ಮುರಿದು ಬರಲಿಲ್ಲ. ಬಾಗಿಲು ತಟ್ಟಿ ಬಂದ. ಕೊಲ್ಲಲೆಂದೇ ಬರುವವನು ಹೊತ್ತು ಕೊಡುವುದಿಲ್ಲ. ಅಂಥ ಗಳಿಗೆಯಲ್ಲಿ ಒಳಕೋಣೆಯ ಪೆಟ್ಟಿಗೆಯಲ್ಲಿರುವ ರಿವಾಲ್ವರು ಯಾರನ್ನು ಕಾಯುತ್ತದೆ?

ಇನ್ನು ಹೊತ್ತು ಸಿಕ್ಕಿತು, ಆಯುಧವೂ ಕೈಗೆ ಬಂತು ಎನ್ನೋಣ. ಆಗ ಬೇರೆ ಅಪಾಯ. ದಕ್ಷಿಣ ಆಫ್ರಿಕಾದಲ್ಲಿ ಆಸ್ಕರ್ ಪಿಸ್ಟೋರಿಯಸ್ ಎಂಬ ಹೆಸರಾಂತ ಓಟಗಾರ 2013ರ ಫೆಬ್ರವರಿ 14ರ ರಾತ್ರಿ ತನ್ನ ಮನೆಯ ಶೌಚಾಲಯದ ಮುಚ್ಚಿದ ಬಾಗಿಲಿಗೆ ನಾಲ್ಕು ಗುಂಡು ಹಾರಿಸಿದ. ಒಳಗೆ ಸತ್ತದ್ದು ಅವನ ಸಂಗಾತಿ ರೀವಾ ಸ್ಟೀನ್‌ಕ್ಯಾಂಪ್. ಕಳ್ಳನೆಂದು ತಿಳಿದೆ ಎಂದು ಅವನು ನ್ಯಾಯಾಲಯದಲ್ಲಿ ಹೇಳಿದ. 2015ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಕೊಲೆಯೆಂದೇ ತೀರ್ಮಾನಿಸಿತು. ಬಾಗಿಲ ಹಿಂದೆ ಯಾರೇ ಇದ್ದಿರಲಿ, ಹೊಡೆದರೆ ಸಾಯಬಹುದೆಂದು ತಿಳಿದೂ ಹೊಡೆದವನು ಹೊಣೆಗಾರನೇ ಎಂಬುದು ಅದರ ಸಾರ. ಕತ್ತಲಲ್ಲಿ ಹಿತ್ತಿಲ ಬಾಗಿಲು ಸದ್ದಾದರೆ ಅದು ಕಳ್ಳನೇ ಆಗಬೇಕೆಂದಿಲ್ಲ. ನೀರು ಬಿಟ್ಟು ಬಂದ ಆಳಾಗಿರಬಹುದು, ತಡವಾಗಿ ಬಂದ ಮಗನಾಗಿರಬಹುದು. ಗುಂಡು ಹಲಗೆಯ ಬಾಗಿಲನ್ನು ದಾಟಿ ಹೋಗುತ್ತದೆ; ಹಿಂದೆ ಯಾರಿದ್ದಾರೆಂದು ಅದು ವಿಚಾರಿಸುವುದಿಲ್ಲ.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಆದರೆ ಅದಕ್ಕೆ ಮೇರೆ ಇದೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಕೇಡು ಮಾಡುವಂತಿಲ್ಲ. ಪೊಲೀಸರ ಆಸರೆ ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಪ್ರಾಣಭಯವಿದ್ದಾಗ ಒಂದು ಮಾತು. ಅಡಿಕೆ ಚೀಲ ಹೊತ್ತು ಓಡುವವನ ಬೆನ್ನಿಗೆ ಹೊಡೆದು ಕೊಂದರೆ ಬರಿಯ ಕಳ್ಳತನ ಅದಕ್ಕೆ ಸಮರ್ಥನೆಯಾಗಲಾರದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕಳ್ಳ ಜೀವಮಾನದಲ್ಲಿ ಒಮ್ಮೆ ಬರಬಹುದು, ಬಾರದೆಯೂ ಇರಬಹುದು. ರಿವಾಲ್ವರು ಮಾತ್ರ ವರ್ಷದ 365 ದಿನವೂ ಮನೆಯವರ ಜೊತೆಗೇ ವಾಸ ಮಾಡುತ್ತದೆ. ಮನೆಯಲ್ಲಿ ಕೋಪ ಬರುವ ದಿನವಿದೆ, ಕುಡಿತದ ದಿನವಿದೆ, ಅಣ್ಣತಮ್ಮಂದಿರ ಪಾಲಿನ ಜಗಳದ ದಿನವಿದೆ, ಸಾಲದಿಂದ ಮನಸ್ಸು ಕುಗ್ಗಿದ ದಿನವೂ ಇದೆ. ಆ ದಿನಗಳಲ್ಲಿ ಅದು ಯಾರ ಕೈಗೆ ಸಿಗುತ್ತದೆ?

ನಮ್ಮ ಭಕ್ತರ ಮಕ್ಕಳು ಹಲವರು ನೆಲೆಸಿರುವ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2 ಕೋಟಿ 63 ಲಕ್ಷ ಜನರ ಲೆಕ್ಕವನ್ನು 2004ರಿಂದ 2016ರವರೆಗೆ ನೋಡಿ 2020ರಲ್ಲಿ ಪ್ರಕಟಿಸಿದರು. ಕೈಬಂದೂಕು ಇಲ್ಲದ ಗಂಡಸರಿಗೆ ಹೋಲಿಸಿದರೆ ಅದು ಇದ್ದ ಗಂಡಸರು ತಮ್ಮ ಗುಂಡಿಗೆ ತಾವೇ ಬಲಿಯಾದದ್ದು ಸುಮಾರು 8 ಪಟ್ಟು ಹೆಚ್ಚು. ಹೆಂಗಸರಲ್ಲಿ 35 ಪಟ್ಟು. 2022ರಲ್ಲಿ ಮತ್ತೊಂದು ಲೆಕ್ಕ ಬಂತು. ತಾನು ಬಂದೂಕು ಇಟ್ಟುಕೊಳ್ಳದೆ, ಇಟ್ಟುಕೊಂಡವರ ಜೊತೆ ಒಂದೇ ಮನೆಯಲ್ಲಿ ಇರುವವರು ಕೊಲೆಗೀಡಾಗುವುದು ಇಮ್ಮಡಿಗಿಂತ ಹೆಚ್ಚು. ಬಾಳಸಂಗಾತಿಯ ಗುಂಡಿಗೆ ಸಾಯುವುದು 7 ಪಟ್ಟು, ಹಾಗೆ ಸತ್ತವರಲ್ಲಿ ಬಹುಪಾಲು ಹೆಂಗಸರು. ಮನೆಗೆ ನುಗ್ಗಿದ ಅಪರಿಚಿತರಿಂದ ಸಾಯುವುದಾದರೂ ಕಡಿಮೆಯಾಯಿತೇ ಎಂದರೆ, ಅದೂ ಆಗಿರಲಿಲ್ಲ. ಆ ದೇಶ ಬೇರೆ, ಅಲ್ಲಿಯ ರೀತಿ ಬೇರೆ. ಆ ಸಂಖ್ಯೆಗಳನ್ನು ಎತ್ತಿ ನಮ್ಮ ಊರಿಗೆ ಅಂಟಿಸಲಾಗದು. ಬಂದೂಕೊಂದೇ ಅದಕ್ಕೆಲ್ಲ ಕಾರಣವೆಂದೂ ಹೇಳಲಾಗದು. ಆದರೆ ಮನುಷ್ಯನ ಮನಸ್ಸು ಅಲ್ಲಿಯೂ ಇಲ್ಲಿಯೂ ಒಂದೇ. ಹೊರಗಿನವನಿಗೆಂದು ತಂದದ್ದು ಒಳಗಿನವರ ಕಡೆಗೆ ತಿರುಗುತ್ತದೆ ಎಂಬ ಎಚ್ಚರಿಕೆ ನಮಗೂ ಸಲ್ಲುತ್ತದೆ.

ಮನಸ್ಸು ಮುರಿದವನಿಗೆ ಸಾಯಬೇಕೆನಿಸುವ ಗಳಿಗೆ ಬಹುಮಟ್ಟಿಗೆ ಮೋಡದಂತೆ, ಬರುತ್ತದೆ, ದಾಟುತ್ತದೆ. ದಾಟುವವರೆಗೆ ಯಾರಾದರೂ ಜೊತೆಗಿದ್ದರೆ ಮನುಷ್ಯ ಉಳಿದು ಬಾಳುತ್ತಾನೆ. ಗುಂಡು ಆ ಅವಕಾಶವನ್ನು ಕೊಡುವುದಿಲ್ಲ. ಆದುದರಿಂದ ಮನೆಯಲ್ಲಿ ಯಾರಾದರೂ ಸಾಲದಿಂದಲೋ ದುಃಖದಿಂದಲೋ ಮಂಕಾಗಿ ಕೂತಿದ್ದರೆ, ಆಯುಧವನ್ನು ಆ ಮನೆಗೆ ತರಲೇಬಾರದು. ಇದ್ದರೆ ಮೊದಲು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಉಳ್ಳ ಬಂದೂಕಿನ ಅಂಗಡಿಯಲ್ಲೋ ಒಪ್ಪಿಸಿಬಿಡಿರಿ. ಸರ್ಕಾರದವರು 14416 ಎಂಬ ಫೋನ್ ನಂಬರು ಕೊಟ್ಟಿದ್ದಾರೆ, ಕನ್ನಡದಲ್ಲಿಯೇ ಮಾತನಾಡಬಹುದು. ಮಠದ ಬಾಗಿಲಂತೂ ತೆರೆದೇ ಇದೆ.

ಹಾಗಾದರೆ ತೋಟದ ಮನೆಯವರು ಮಾಡಬೇಕಾದದ್ದೇನು? ಅಡಿಕೆ ಮಾರಿದ ಹಣ ಮನೆಯಲ್ಲಿ ಒಂದು ರಾತ್ರಿಯೂ ನಿಲ್ಲಬಾರದು, ಬ್ಯಾಂಕಿಗೆ ಹೋಗಲಿ. ಬಂಗಾರ ಲಾಕರಿನಲ್ಲಿರಲಿ; ತಾಯಂದಿರೇ, ಹಬ್ಬಕ್ಕೆ ಮಾತ್ರ ಹೊರಗೆ ಬರಲಿ! ಅಂಗಳಕ್ಕೆ ದೀಪ, ಕಿಟಕಿಗೆ ಸರಳು, ಒಳಗಿನಿಂದ ಗಟ್ಟಿ ಅಗುಳಿ, ಎರಡು ನಾಯಿ. ಒಳಗೊಂದು ಗಟ್ಟಿ ಬಾಗಿಲಿನ ಕೋಣೆ. ಸದ್ದಾದರೆ ಎಲ್ಲರೂ ಅಲ್ಲಿ ಸೇರಿ 112ಕ್ಕೆ ಫೋನು ಮಾಡಬೇಕು. ನೆರೆಯ ತೋಟದವರೊಡನೆ ಮಾತು ಬಿಟ್ಟಿದ್ದರೆ ಮೊದಲು ಮಾತಾಡಿಸಿರಿ. ಬೇಲಿಯ ಜಗಳದಿಂದ ನೆರೆಯವನನ್ನು ಕಳೆದುಕೊಂಡು ಕಾವಲಿಗೆ ರಿವಾಲ್ವರ್ ಹುಡುಕುವುದು ಯಾವ ಜಾಣತನ?

ಇಷ್ಟೆಲ್ಲ ಮಾಡಿದ ಮೇಲೂ ನಿಜವಾದ ಪ್ರಾಣಭಯ ಇದ್ದವರು ಉಂಟು. ಅವರು ಕಾನೂನಿನಂತೆ ಪಡೆಯಲಿ, ನಾವು ಬೇಡವೆನ್ನುವುದಿಲ್ಲ. ಅಂಥವರು ನಾಲ್ಕು ನೇಮಗಳನ್ನು ನಿತ್ಯಪೂಜೆಯಷ್ಟು ನಿಷ್ಠೆಯಿಂದ ನಡೆಸಬೇಕು. ಆಯುಧ ಯಾವಾಗಲೂ ತುಂಬಿದೆ ಎಂದೇ ಭಾವಿಸುವುದು. ಅದರ ಮೂತಿಯನ್ನು ಕೊಲ್ಲಬಾರದವರ ಕಡೆಗೆ ಎಂದೂ ತಿರುಗಿಸದಿರುವುದು. ಗುರಿ ನಿಶ್ಚಯವಾಗುವವರೆಗೆ ಕುದುರೆಗೆ ಬೆರಳು ತಾಗಿಸದಿರುವುದು. ಗುರಿಯನ್ನೂ ಅದರ ಹಿಂದಿರುವುದನ್ನೂ ಕಣ್ಣಾರೆ ಕಾಣದೆ ಹಾರಿಸದಿರುವುದು. ಐದನೆಯದನ್ನು ನಾವು ಸೇರಿಸುತ್ತೇವೆ: ಕುಡಿಯುವವನೂ ಕೋಪವನ್ನು ಗೆಲ್ಲದವನೂ ಅದನ್ನು ಮುಟ್ಟಬಾರದು.

ರಿವಾಲ್ವರನ್ನು ಆರಿಸುವ ಮೊದಲು ನಿಮ್ಮನ್ನು ನೀವು ಆರಿಸಿ ನೋಡಿರಿ. ಮನೆಯ ಹೆಂಗಸರನ್ನು ಕೇಳಿರಿ: “ನನ್ನ ಕೈಯಲ್ಲಿ ಅದು ಇದ್ದರೆ ನಿಮಗೆ ಧೈರ್ಯವೋ, ಭಯವೋ?” ಅವರು ಕೊಡುವ ಉತ್ತರಕ್ಕಿಂತ ಮೇಲಾದ ಲೈಸೆನ್ಸ್ ಇನ್ನೊಂದಿಲ್ಲ. ಭಯವೆಂದು ಅವರು ಹೇಳಿದರೆ ಆ ಮಾತನ್ನು ಗುರುವಿನ ಅಪ್ಪಣೆಯೆಂದೇ ತಿಳಿಯಿರಿ.

ನಿಮ್ಮ ಮನೆಗಳಲ್ಲಿ ನಿರ್ಭಯದ ನಿದ್ರೆ ನೆಲೆಸಲಿ, ಮಕ್ಕಳು ಸುಖವಾಗಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.