ಉಪ್ಪಿನಕಾಯಿ ಕಸುಬಿಗೆ ಯಾರ ಸಲಹೆ ಕೇಳಬೇಕು?

(ಶ್ರೀನಿವಾಸಪುರ ಸೀಮೆಯ ಮಾವು ಬೆಳೆಗಾರರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



2025ನೇ ಇಸವಿಯ ಮಾವಿನ ಸುಗ್ಗಿಯನ್ನು ತಾವು ಯಾರೂ ಮರೆತಿರಲಾರಿರಿ. ಆ ವರ್ಷ ಜೂನ್ ತಿಂಗಳಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಕಾಯಿ ತನ್ನ ಜಿಲ್ಲೆಯೊಳಗೆ ಬರಕೂಡದೆಂದು ತಡೆ ಹಾಕಿತು. ನಮ್ಮ ಕಾಯಿಯನ್ನು ಕೊಳ್ಳುವ ತಿರುಳಿನ ಕಾರ್ಖಾನೆಗಳು ಬಹಳಷ್ಟು ಆ ಕಡೆಯೇ ಇರುವುದರಿಂದ ಇಲ್ಲಿ ಕೇಳುವವರಿಲ್ಲದಂತಾಯಿತು. ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಕ್ವಿಂಟಾಲಿಗೆ 1,616 ರೂಪಾಯಿಯ ಲೆಕ್ಕದ ಮೇಲೆ, 2.5 ಲಕ್ಷ ಟನ್ನಿನವರೆಗೆ, ಬೆಲೆಯ ಕೊರತೆಯನ್ನು ತುಂಬಿಕೊಡಲು ಒಪ್ಪಿತು. ಒಪ್ಪಿದ್ದು ಸಂತೋಷವೇ. ಆದರೆ ಗಾಡಿಯಲ್ಲಿ ಹೇರಿಕೊಂಡು ಹೋದ ಕಾಯಿಯನ್ನು ಮಂಡಿಯ ಮುಂದೆ ಸುರಿದು ಬಂದವರ ನೋವು ಅದರಿಂದ ಪೂರ್ತಿ ತೀರಲಿಲ್ಲ.

ಅಂದಿನಿಂದ ಹಳ್ಳಿ ಹಳ್ಳಿಯಲ್ಲೂ ಒಂದು ಮಾತು ಎದ್ದಿದೆ. "ಕಾಯಿಯನ್ನು ಕಾಯಾಗಿ ಮಾರುವುದು ಸಾಕು, ಉಪ್ಪಿನಕಾಯಿ ಹಾಕಿ ಮಾರೋಣ" ಎಂಬುದು. ಆಲೋಚನೆ ಒಳ್ಳೆಯದೇ. ತಿರುಳಿನ ಕಾರ್ಖಾನೆ ಹಾಕುವುದು ನಮ್ಮಂಥ ಮನೆಗಳಿಂದ ಆಗದ ಕೆಲಸ. ಉಪ್ಪಿನಕಾಯಿಯಾದರೆ ಎರಡು ಜಾಡಿಯಿಂದಲೂ ಆರಂಭವಾದೀತು. ನನ್ನ ಆತಂಕವೆಲ್ಲ ಇದರ ಮುಂದಿನ ಹೆಜ್ಜೆಯದು. ಮನೆಯ ಒಡವೆ ಬ್ಯಾಂಕಿಗೆ ಹೋಗುತ್ತದೆ, ಹಸು ಸಂತೆಗೆ ಹೋಗುತ್ತದೆ, ಯಂತ್ರ ಮನೆಗೆ ಬರುತ್ತದೆ. ಹೀಗೆ ಮಾಡಿರೆಂದು ಹೇಳಿದವರು ಯಾರು ಎಂದು ವಿಚಾರಿಸಿದರೆ ಬಹಳ ಸಲ ಸಿಗುವ ಉತ್ತರ ಒಂದೇ: ಯಂತ್ರ ಮಾರಲು ಬಂದವನು.

ಯಂತ್ರ ಮಾರುವವನು ಕೆಟ್ಟವನೆಂದು ನಾನು ಹೇಳುವುದಿಲ್ಲ. ಅವನ ಯಂತ್ರ ಗಂಟೆಗೆ ಎಷ್ಟು ಕಿಲೋ ಕಾಯಿ ಹೆಚ್ಚುತ್ತದೆ, ಎಷ್ಟು ಕರೆಂಟು ತಿನ್ನುತ್ತದೆ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ಇವನ್ನು ಅವನಲ್ಲಿಯೇ ಕೇಳಬೇಕು. ಆದರೆ "ಮಾಲು ಹೋಗುತ್ತದೆಯೇ?" ಎಂದು ಅವನನ್ನು ಕೇಳುವುದು, ಹೋರಿ ಮಾರುವವನ ಬಳಿಯೇ ಅದರ ಸುಳಿ ಕೇಳಿದ ಹಾಗೆ. ಅವನು ಹೇಳುವ ಲಾಭವನ್ನು ಮನೆಯ ಜಗಲಿಯಲ್ಲಿ ಕುಳಿತು ತಾವೇ ಲೆಕ್ಕ ಹಾಕಿ ನೋಡಿರಿ. ಉದಾಹರಣೆಗೆ, ಯಂತ್ರಕ್ಕೆ 3 ಲಕ್ಷ ರೂಪಾಯಿ, ಖರ್ಚೆಲ್ಲ ಕಳೆದು ಒಂದು ಬಾಟಲಿಗೆ 20 ರೂಪಾಯಿ ಉಳಿತಾಯ ಎಂದು ಇಟ್ಟುಕೊಳ್ಳೋಣ. ಯಂತ್ರದ ಹಣ ಹುಟ್ಟಬೇಕಾದರೆ 15,000 ಬಾಟಲಿ ಮಾರಬೇಕು. ವಾರಕ್ಕೆ 50 ಬಾಟಲಿ ಹೋದರೆ 300 ವಾರ, ಅಂದರೆ ಸುಮಾರು ಐದು ಮುಕ್ಕಾಲು ವರ್ಷ. ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಮಾವಿನಕಾಯಿ ಸಿಗುವುದು ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ, ಉಳಿದ ಕಾಲ ಯಂತ್ರ ಸುಮ್ಮನೆ ನಿಂತಿರುತ್ತದೆ ಎಂಬುದನ್ನೂ ಮರೆಯತಕ್ಕದ್ದಲ್ಲ. ಮೊದಲ ವರ್ಷಕ್ಕೆ ಈಳಿಗೆಮಣೆಯೇ ಸಾಕೆಂದು ನನ್ನ ಅಭಿಪ್ರಾಯ.

ಹಾಗಾದರೆ ಮಾಲು ಹೋಗುತ್ತದೆಯೋ ಇಲ್ಲವೋ ಎಂಬುದನ್ನು ಬಲ್ಲವರು ಯಾರು? ದಿನಸಿ ಅಂಗಡಿಯವರು. ಶ್ರೀನಿವಾಸಪುರ, ಚಿಂತಾಮಣಿ, ಕೋಲಾರದಲ್ಲಿ ನಾಲ್ಕು ಅಂಗಡಿಗೆ ಹೋಗಿ, ಗಿರಾಕಿ ಇಲ್ಲದ ಮಧ್ಯಾಹ್ನದ ವೇಳೆಯಲ್ಲಿ ನಿಧಾನವಾಗಿ ವಿಚಾರಿಸಿರಿ. ತಿಂಗಳಿಗೆ ಎಷ್ಟು ಬಾಟಲಿ ಉಪ್ಪಿನಕಾಯಿ ಹೋಗುತ್ತದೆ? ಯಾವ ಅಳತೆಯದು? ತಮಗೆ ರೂಪಾಯಿಗೆ ಎಷ್ಟು ಕಮಿಷನ್ ಬಿಡಬೇಕು? ಹಣ ಎಷ್ಟು ದಿನಕ್ಕೆ ಕೊಡುತ್ತೀರಿ? ಮಾರಾಟವಾಗದ ಬಾಟಲಿಯನ್ನು ಹಿಂದಕ್ಕೆ ಹೊರಿಸುತ್ತೀರಾ? ಈ ಕಡೆಯ ಎರಡು ಪ್ರಶ್ನೆಗಳಲ್ಲಿಯೇ ಸಣ್ಣ ಕಸುಬಿನ ಪ್ರಾಣವಿದೆ. ಬಾಟಲಿಯೆಲ್ಲ ಅಂಗಡಿಯಲ್ಲಿ, ಹಣವೆಲ್ಲ ಬಾಕಿಯಲ್ಲಿ ಎಂದಾದರೆ ಮುಂದಿನ ಸಲ ಎಣ್ಣೆ ಕೊಳ್ಳುವುದಕ್ಕೆ ಕಾಸಿರುವುದಿಲ್ಲ.

ಇನ್ನೊಬ್ಬರಿದ್ದಾರೆ, ಅವರನ್ನು ನಾವು ಕೇಳುವುದೇ ಇಲ್ಲ. ಈ ಕಸುಬನ್ನು ಹಿಡಿದು ಬಿಟ್ಟವರು. ಗೆದ್ದವರು ತಾವು ಜಾಣರಾದ್ದರಿಂದ ಗೆದ್ದೆವೆಂದು ಹೇಳಿಕೊಳ್ಳುತ್ತಾರೆ. ಬಿಟ್ಟವರು ಎಲ್ಲಿ ಕೈಕಚ್ಚಿತು ಎಂಬುದನ್ನು ತೋರಿಸಬಲ್ಲರು. ಅವರ ಮನೆಗೆ ಹೋದಾಗ ಕೊಂಕು ಮಾತು ಬೇಡ. "ಅಣ್ಣಾ, ಮತ್ತೆ ಶುರುಮಾಡುವುದಾದರೆ ಯಾವುದನ್ನು ಬಿಟ್ಟು ಮಾಡುತ್ತೀರಿ?" ಎಂದು ಕೇಳಿರಿ.

ಮೊಬೈಲಿನಲ್ಲಿ ಬರುವ ಚಿತ್ರಗಳ ವಿಚಾರ. ಮನೆಯಲ್ಲೇ ಕುಳಿತು ತಿಂಗಳಿಗೆ ಲಕ್ಷ ಗಳಿಸಿರಿ ಎನ್ನುವವನು ಉಪ್ಪಿನಕಾಯಿಯಿಂದ ಗಳಿಸುತ್ತಾನೋ, ನಾವು ನೋಡುವುದರಿಂದ ಗಳಿಸುತ್ತಾನೋ, ವಿಚಾರಿಸಿರಿ. ಹೆಚ್ಚಿನ ಮಾತು ಬೇಡ.

ಈಗ ತಾಯಂದಿರಿಗೆ ಒಂದು ಅರಿಕೆ. ಉಪ್ಪಿನಕಾಯಿ ಹಾಕುವುದನ್ನು ನಿಮಗೆ ಹೇಳಿಕೊಡುವಷ್ಟು ನಾನು ದೊಡ್ಡವನಲ್ಲ. ನಿಮ್ಮ ಕೈರುಚಿಯೇ ಈ ಕಸುಬಿನ ಮೊದಲ ಬಂಡವಾಳ. ಆದರೆ ಮನೆಯ ಜಾಡಿಗೂ ಅಂಗಡಿಯ ಬಾಟಲಿಗೂ ವ್ಯತ್ಯಾಸವಿದೆ. ಮನೆಯ ಜಾಡಿಯನ್ನು ಒಣಗಿದ ಕೈಯಿಂದ ನೀವೊಬ್ಬರೇ ತೆಗೆಯುತ್ತೀರಿ. ಹೋಳು ಎಣ್ಣೆಯಿಂದ ಮೇಲೆದ್ದರೆ ಆ ದಿನವೇ ಎಣ್ಣೆ ಕಾಯಿಸಿ ಆರಿಸಿ ಹಾಕುತ್ತೀರಿ. ಬಾಟಲಿಯಾದರೋ ಕಂಡರಿಯದ ಅಂಗಡಿಯಲ್ಲಿ, ಬಿಸಿಲು ಬೀಳುವ ಹಲಗೆಯ ಮೇಲೆ ತಿಂಗಳುಗಟ್ಟಲೆ ಕುಳಿತಿರುತ್ತದೆ. ಒಂದು ಬಾಟಲಿಗೆ ಬೂಷ್ಟು ಬಂದರೂ ಆ ಅಂಗಡಿಯ ಬಾಗಿಲು ನಮಗೆ ಮುಚ್ಚಿದಂತೆಯೇ.

ಬೂಷ್ಟು ಕಣ್ಣಿಗೆ ಕಾಣುತ್ತದೆ. ಕಾಣದ ಅಪಾಯವೂ ಒಂದಿದೆ. ಗಾಳಿಯಾಡದ ಬಾಟಲಿಯಲ್ಲಿ ಹುಳಿ ಸಾಲದೆ ಹೋದರೆ ಬೊಟುಲಿನಮ್ ಎಂಬ ಸೂಕ್ಷ್ಮಾಣು ಬೆಳೆದು ವಿಷ ಬಿಡಬಹುದು. ವಾಸನೆಯಿಂದಲೂ ರುಚಿಯಿಂದಲೂ ಅದನ್ನು ಪತ್ತೆಮಾಡಲಾಗುವುದಿಲ್ಲ. ಹುಳಿಯನ್ನು ಪಿಎಚ್ ಎಂಬ ಅಂಕೆಯಿಂದ ಅಳೆಯುತ್ತಾರೆ. ಹುಳಿ ಹೆಚ್ಚಿದಷ್ಟೂ ಅಂಕೆ ಕಡಿಮೆ. ಅಂಕೆ 4.6ಕ್ಕಿಂತ ಕೆಳಗಿದ್ದರೆ ಈ ಸೂಕ್ಷ್ಮಾಣು ಬೆಳೆಯದು. ಎಳೆಯ ಮಾವಿನಕಾಯಿ ತಾನೇ ಬಹಳ ಹುಳಿ, ಅದರ ಚಿಂತೆ ಕಡಿಮೆ. ಅದೇ ಬಾಟಲಿಗೆ ಬೆಳ್ಳುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿ ಸೇರಿಸಿದಾಗ, ಅಥವಾ ಅವುಗಳದೇ ಬೇರೆ ಉಪ್ಪಿನಕಾಯಿ ಹಾಕಿದಾಗ ಅಳೆದೇ ನೋಡಬೇಕು. ಇದನ್ನು ಅಂಗಡಿಯವನೂ ಹೇಳಲಾರ, ಯಂತ್ರದವನೂ ಹೇಳಲಾರ, ನೆಂಟರೂ ಹೇಳಲಾರರು.

ಹೇಳಬಲ್ಲವರು ಕೋಲಾರದ ಪಕ್ಕದಲ್ಲೇ, ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿದ್ದಾರೆ. ಸಲಹೆಗೆ ಅಲ್ಲಿ ಮೊದಲು ಹೋಗತಕ್ಕದ್ದು. ಕಸುಬು ಬೆಳೆದು ಹೊಸ ಬಗೆಯ ತಯಾರಿಕೆ ಬೇಕೆನಿಸಿದಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ, 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯೂ ಇವೆ. ಮೈಸೂರಿನವರು ತಯಾರಿಕಾ ವಿಧಾನಗಳನ್ನು ಶುಲ್ಕ ಪಡೆದು ಕೊಡುತ್ತಾರೆ. ಆದುದರಿಂದ ಮೊದಲ ದಿನವೇ ಅಲ್ಲಿಗೆ ಓಡಬೇಕಾಗಿಲ್ಲ. ಹಾಗೆಯೇ ವಿಜ್ಞಾನಿಗಳನ್ನು ಮಾರುಕಟ್ಟೆಯ ದರ ಕೇಳಿ ಪ್ರಯೋಜನವಿಲ್ಲ. ಅವರಿಗೆ ಕೆಡದಂತೆ ಇಡುವುದು ಗೊತ್ತು, ಅಂಗಡಿಯವರಿಗೆ ಗಿರಾಕಿ ಗೊತ್ತು, ಬ್ಯಾಂಕಿನವರಿಗೆ ಸಾಲ ಗೊತ್ತು. ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರಿಗೆ ಹಾಕಿದಾಗಲೇ ನಾವು ದಾರಿ ತಪ್ಪುವುದು.

ಕಾನೂನಿನ ಮಾತೂ ಇದೆ. ತೋಟದ ಕಾಯಿಯನ್ನು ಹಾಗೆಯೇ ಮಾರುವ ರೈತನನ್ನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಮುಟ್ಟುವುದಿಲ್ಲ. ಉಪ್ಪು ಖಾರ ಬೆರೆಸಿ ಬಾಟಲಿಗೆ ತುಂಬಿ ಮಾರಿದೊಡನೆ ನೋಂದಣಿ ಬೇಕು. 14 ಅಂಕಿಯ ಆ ಸಂಖ್ಯೆಯನ್ನು ಚೀಟಿಯ ಮೇಲೆ ಅಚ್ಚು ಮಾಡಿಸಬೇಕು. ಜೊತೆಗೆ ಸಾಮಗ್ರಿಗಳ ಹೆಸರು, ನಿವ್ವಳ ತೂಕ, ತಯಾರಿಸಿದ ದಿನ, ಎಂದಿನವರೆಗೆ ಬಳಸಬಹುದು, ಬೆಲೆ, ತಯಾರಿಸಿದವರ ವಿಳಾಸ ಇರಬೇಕು. ಸಣ್ಣ ತಯಾರಕರ ನೋಂದಣಿಗೆ ಸರ್ಕಾರದ ಶುಲ್ಕ ಅಲ್ಪವೇ. ಸಾವಿರಗಟ್ಟಲೆ ಕೇಳುವವನು ಮಧ್ಯಸ್ಥ. ಚೀಟಿ ಅಚ್ಚು ಹಾಕಿಸುವ ಮೊದಲೇ ಆಹಾರ ಸುರಕ್ಷತಾ ಅಧಿಕಾರಿಗಳ ಕಚೇರಿಯಲ್ಲಿ ತೋರಿಸಿ ಕೇಳಿದರೆ ಅಚ್ಚಿನ ಹಣ ದಂಡವಾಗುವುದಿಲ್ಲ.

ಸಹಾಯಧನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಕೇಂದ್ರ ಯೋಜನೆಯಲ್ಲಿ ಘಟಕದ ವೆಚ್ಚದ ಶೇಕಡಾ 35ರಷ್ಟು, 10 ಲಕ್ಷಕ್ಕೆ ಮೀರದಂತೆ, ಸಹಾಯಧನವೆಂದು ಗೊತ್ತುಮಾಡಿದ್ದರು. ಅದು ಸಾಲದ ಜೊತೆಗೆ ಬರುವ ಹಣ. ಬ್ಯಾಂಕಿನಲ್ಲಿಯೇ ನಿಂತು, ಮೂರು ವರ್ಷ ಸಾಲ ಸರಿಯಾಗಿ ನಡೆದ ಮೇಲೆ ಸಾಲಕ್ಕೆ ಜಮೆಯಾಗುವಂಥದು. ಕೈಗೆ ಬಂತೆಂದು ಮಗಳ ಮದುವೆಗೆ ಲೆಕ್ಕ ಹಾಕಬಾರದು. ಅರ್ಜಿ ಮತ್ತು ಯೋಜನಾ ವರದಿ ಬರೆಯಲು ನೆರವಾದ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿಗೆ ಸರ್ಕಾರವೇ ಸಂಭಾವನೆ ಕೊಡುವ ಏರ್ಪಾಡು ಅದರಲ್ಲಿತ್ತು. ಯೋಜನೆಗಳಿಗೆ ಅವಧಿಯಿರುತ್ತದೆ, ಯಾವುದು ನಡೆಯುತ್ತಿದೆ, ಯಾವುದು ಮುಗಿದಿದೆ ಎಂಬುದನ್ನು ಜಿಲ್ಲಾ ಕೃಷಿ ಕಚೇರಿಯಲ್ಲಿಯೇ ವಿಚಾರಿಸಿರಿ. "ಸಾಹೇಬರು ಗೊತ್ತು, ಮುಂಗಡ ಕೊಡಿ" ಎನ್ನುವವರ ಕೈಗೆ ಒಂದು ರೂಪಾಯಿಯೂ ಹೋಗಬಾರದು.

ಕೆಲಸ ಕಲಿಯಬೇಕೆನ್ನುವ ಯುವಕ ಯುವತಿಯರಿಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿವೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಸಂಸ್ಥೆಯೇ ಇವಕ್ಕೆಲ್ಲ ಮಾದರಿ.

ಕಾಯಿ ಬಲಿಯುವ ಮುಂಚೆ, ಕೈ ಬಿಡುವಾಗಿರುವಾಗ, ಆಸಕ್ತರನ್ನು ಟಮಕಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಬರುವವರು ಪಂಚಾಯಿತಿ ಕಚೇರಿಯಲ್ಲಿ ಹೆಸರು ಬರೆಸಿರಿ. ಬರುವಾಗ ಮನೆಯ ಉಪ್ಪಿನಕಾಯಿ ಒಂದು ಸಣ್ಣ ಬಾಟಲಿ, ಅದಕ್ಕೆ ಹಾಕಿದ ಕಾಯಿ, ಉಪ್ಪು, ಎಣ್ಣೆ, ಖಾರದ ತೂಕ ಬರೆದ ಚೀಟಿ ಇವೆರಡನ್ನೂ ತರತಕ್ಕದ್ದು. "ಒಂದು ಹಿಡಿ, ಎರಡು ಹಿಡಿ" ಎಂದು ಬರೆಯಬೇಡಿರಿ, ತೂಗಿಯೇ ಬರೆಯಿರಿ. ಹಾಕಿದ ಕೈಯವರೇ ಜೊತೆಯಲ್ಲಿ ಬಂದರೆ ಇನ್ನೂ ಒಳ್ಳೆಯದು.