ಕೋಡ್ಲಾದ ತೊಗರಿ, ಕಡಲಿನ ಲೆಕ್ಕ

(ಉಪನ್ಯಾಸದ ಬರಹರೂಪ)

ಕೋಡ್ಲಾದ ಹೊಲದ ಬದುವಿನ ಮೇಲೆ ನಿಂತರೆ ಕಡಲು ಕಾಣುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಈ ಸೀಮೆಗೆ ಗೊತ್ತಿರುವುದು ಸುಣ್ಣಕಲ್ಲು, ಫರ್ಸಿ, ಸಿಮೆಂಟು ಮತ್ತು ತೊಗರಿ. ಹೀಗಿರುವಾಗ ಹಡಗಿನ ಮಾತು ಇಲ್ಲಿಗೆ ಯಾಕೆ ಎಂದು ಕೇಳುಗರಿಗೆ ಅನಿಸಿದರೆ ತಪ್ಪಲ್ಲ. ಆ ಪ್ರಶ್ನೆಗೆ ಉತ್ತರ ತೊಗರಿಯ ಚೀಲದಲ್ಲೇ ಇದೆ.

ದೇಶದಲ್ಲಿ ಬೆಳೆಯುವ ತೊಗರಿ ದೇಶದ ಊಟಕ್ಕೆ ಸಾಲುವುದಿಲ್ಲ. ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್‌ಗಳಿಂದ ಅದು ಹಡಗಿನಲ್ಲಿ ಬರುತ್ತದೆ. 2016ರಲ್ಲಿ ಭಾರತ ಸರ್ಕಾರ ಮೊಜಾಂಬಿಕ್‌ನೊಡನೆ ಇದಕ್ಕಾಗಿಯೇ ಒಪ್ಪಂದ ಮಾಡಿಕೊಂಡಿತು. 2023ರ ಕೊನೆಯಲ್ಲಿ ಅಲ್ಲಿನ ರಫ್ತುದಾರರ ನಡುವಿನ ವ್ಯಾಜ್ಯದಿಂದ ನಕಾಲಾ ಬಂದರಿನಲ್ಲಿ ತೊಗರಿ ಸಿಕ್ಕಿಹಾಕಿಕೊಂಡಿತು. ಹಡಗು ಬಂದರೆ ಅಡತಿ ಅಂಗಡಿಯಲ್ಲಿ ದರ ತಗ್ಗುತ್ತದೆ, ತಡವಾದರೆ ಏರುತ್ತದೆ. ಹಡಗು ಎಲ್ಲಿದೆ ಎಂಬುದು ದೊಡ್ಡ ವ್ಯಾಪಾರಿಗೆ ಮೊದಲೇ ಗೊತ್ತು. ರೈತನಿಗೆ ಗೊತ್ತಾಗುವುದು ಚೀಲ ಇಳಿಸಿದ ಮೇಲೆ.

ಕಡಲಿಗೂ ಈ ನೆಲಕ್ಕೂ ನಂಟು ಹೊಸದೇನಲ್ಲ. ಇದೇ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ರಾಷ್ಟ್ರಕೂಟರ ಮಾನ್ಯಖೇಟ ಇತ್ತು. ಅದೇ ಇಂದಿನ ಮಳಖೇಡ. ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 851ರ ಸುಮಾರಿಗೆ, ಸುಲೈಮಾನ್ ಎಂಬ ವ್ಯಾಪಾರಿಯ ಹೆಸರಿನಲ್ಲಿ ಬಂದ ಅರಬ್ಬಿ ವೃತ್ತಾಂತವು ಜಗತ್ತಿನ ನಾಲ್ವರು ಮಹಾರಾಜರಲ್ಲಿ 'ಬಲ್ಹರಾ'ನೂ ಒಬ್ಬನೆಂದು ಹೇಳಿತು. ವಲ್ಲಭರಾಜ ಎಂಬುದೇ ನಾವಿಕರ ಬಾಯಲ್ಲಿ ಹೀಗಾಯಿತು. ಹತ್ತನೆಯ ಶತಮಾನದ ಅಲ್ ಮಸೂದಿ ಈ ರಾಜಧಾನಿಯನ್ನು 'ಮಾನ್ಕೀರ್' ಎಂದು ಕರೆದು, ಅದು ಕಡಲಿನಿಂದ 80 ಸಿಂಧಿ ಫರ್ಸಖ್ ದೂರ ಎಂದು ಬರೆದ. ಅಷ್ಟು ದೂರದ ರಾಜ ಬಂದರುಗಳನ್ನು ಹೇಗೆ ಆಳಿದ?

ಚಿಂಚಣಿಯಲ್ಲಿ ಸಿಕ್ಕ ತಾಮ್ರಶಾಸನ ಇದಕ್ಕೆ ಉತ್ತರ ಹೇಳುತ್ತದೆ. ಶಕ 848ರ, ಅಂದರೆ ಕ್ರಿ.ಶ. 926ರ ಈ ಶಾಸನದ ಪ್ರಕಾರ, ಇಮ್ಮಡಿ ಕೃಷ್ಣನು ಸಂಯಾನ, ಅಂದರೆ ಇಂದಿನ ಸಂಜಾಣದ ಆಡಳಿತವನ್ನು ಮಧುಮತಿ ಎಂಬ ತಾಜಿಕನಿಗೆ ವಹಿಸಿದ್ದ. ತಾಜಿಕ ಎಂದರೆ ಅರಬ. ಮಧುಮತಿ ಎಂದರೆ ಮುಹಮ್ಮದ್. ಅವನು ಸುತ್ತಲಿನ ಬಂದರುಗಳ ಒಡೆಯರನ್ನು ಗೆದ್ದು ಅಲ್ಲಿ ತನ್ನ ಅಧಿಕಾರಿಗಳನ್ನು ಇಟ್ಟ. ನದಿ ದಾಟಲು ಉಚಿತ ದೋಣಿ, ದಾರಿಹೋಕರಿಗೆ ಅನ್ನಸತ್ರ ಏರ್ಪಡಿಸಿದ. ಬಂದರಿನಲ್ಲಿ ನಂಬಿಕಸ್ಥ ಕಣ್ಣು ಇದ್ದರೆ ಒಳನಾಡಿನ ಅರಮನೆಯಿಂದಲೂ ಕಡಲನ್ನು ನೋಡಬಹುದು ಎಂಬುದು ಆಗಲೇ ತಿಳಿದಿತ್ತು.

ಆ ಕಣ್ಣು ಇಂದು ಯಂತ್ರದ ರೂಪದಲ್ಲಿದೆ. ಅಂತರರಾಷ್ಟ್ರೀಯ ಯಾನದ, 300 ಟನ್ ಮತ್ತು ಅದಕ್ಕೂ ಮಿಗಿಲಾದ ಹಡಗುಗಳಲ್ಲಿ ಸ್ವಯಂಚಾಲಿತ ಗುರುತಿನ ಸಾಧನ ಇರಬೇಕೆಂಬ ನಿಯಮ 2002ರಿಂದ 2004ರೊಳಗೆ ಜಾರಿಗೆ ಬಂತು. ಹಡಗಿನ ಹೆಸರು, ಸ್ಥಾನ, ವೇಗ, ದಿಕ್ಕುಗಳನ್ನು ಅದು ಸದಾ ರೇಡಿಯೊದಲ್ಲಿ ಸಾರುತ್ತಿರುತ್ತದೆ. ದಡದ ಕೇಂದ್ರಗಳೂ ಉಪಗ್ರಹಗಳೂ ಅದನ್ನು ಹಿಡಿಯುತ್ತವೆ. ಡಿಕ್ಕಿ ತಪ್ಪಿಸಲೆಂದು ಬಂದ ಈ ಸಾಧನದಿಂದ ಇಡೀ ಜಗತ್ತಿನ ಹಡಗುಗಳ ನಕ್ಷೆಯೇ ತಯಾರಾಯಿತು.

ಮಾಹಿತಿ ಹಂಚಿಕೊಂಡರೆ ದಾರಿ ಸುಗಮವಾಗುತ್ತದೆ ಎಂಬ ಪಾಠ ಮಾತ್ರ ಹಳೆಯದು. ಅಮೆರಿಕದ ನೌಕಾಪಡೆಯ ಮ್ಯಾಥ್ಯೂ ಮೌರಿ ಹಡಗುಗಳ ಹಳೆಯ ದಿನಚರಿಗಳನ್ನು ಗುಡ್ಡೆಹಾಕಿ, ಗಾಳಿ ಮತ್ತು ಪ್ರವಾಹಗಳ ನಕ್ಷೆಯನ್ನು 1847ರಿಂದ ಹೊರತಂದ. ನಕ್ಷೆ ಬೇಕಾದ ಕಪ್ತಾನನಿಂದ ಅವನು ಹಣ ಕೇಳಲಿಲ್ಲ, ಅವನ ದಿನಚರಿಯನ್ನು ಕೇಳಿದ. ಕೊಟ್ಟವನಿಗೇ ಲಾಭ ಮರಳಿತು.

ಈ ಲೆಕ್ಕ ಈಗ ಇನ್ನೂ ದೊಡ್ಡದು. ಜಗತ್ತಿನ ಸರಕಿನ ಪ್ರಮಾಣದಲ್ಲಿ ಶೇ 80ಕ್ಕಿಂತ ಹೆಚ್ಚು ಸಾಗುವುದು ನೀರಿನ ಮೇಲೆ. ಮನುಷ್ಯ ಉಗುಳುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ 3 ಹಡಗುಗಳದು. ಹಡಗಿನ ಗುಣ ಒಂದಿದೆ: ವೇಗ ತುಸು ಹೆಚ್ಚಿದರೂ ಇಂಧನ ಬಹಳ ಬೇಕು, ಹೆಚ್ಚುಕಡಿಮೆ ವೇಗದ ಘನದಷ್ಟು. ವೇಗವನ್ನು ಶೇ 10 ತಗ್ಗಿಸಿದರೆ ಗಂಟೆಗೆ ಸುಮಾರು ಶೇ 27 ಇಂಧನ ಉಳಿಯುತ್ತದೆ. ಪ್ರಯಾಣ ಉದ್ದವಾದರೂ ಒಟ್ಟಿನಲ್ಲಿ ಶೇ 19ರಷ್ಟು ಉಳಿತಾಯ. ಆದರೂ ಎಷ್ಟೋ ಹಡಗುಗಳು ಬಂದರಿಗೆ ಧಾವಿಸಿ ಬಂದು, ಜಾಗವಿಲ್ಲದೆ ಲಂಗರು ಹಾಕಿ ದಿನಗಟ್ಟಲೆ ಕಾಯುತ್ತವೆ. ಬಂದರು ತನ್ನ ಸರದಿಯನ್ನು ಮೊದಲೇ ತಿಳಿಸಿದರೆ ಹಡಗು ನಿಧಾನವಾಗಿ ಬಂದೀತು. ಅದಕ್ಕೆ ಹೊಸ ಇಂಧನ ಬೇಕಿಲ್ಲ, ಹೊಸ ಹಡಗೂ ಬೇಕಿಲ್ಲ. ಸತ್ಯವಾದ ಒಂದು ಸಂದೇಶ ಸಾಕು. ಭಾರತದ ಬಂದರುಗಳೂ 2018ರಲ್ಲಿ ಪಿಸಿಎಸ್ 1ಎಕ್ಸ್ ಎಂಬ ಏಕ ಗಣಕಜಾಲವನ್ನು ಆರಂಭಿಸಿದವು.

ಅಂತರರಾಷ್ಟ್ರೀಯ ಕಡಲ ಸಂಸ್ಥೆ 2019ರಿಂದ 5,000 ಟನ್ ಮತ್ತು ಮೇಲಿನ ಹಡಗುಗಳ ಇಂಧನದ ಲೆಕ್ಕ ಪಡೆಯುತ್ತಿದೆ. 2050ರ ಸುಮಾರಿಗೆ ಹೊಗೆಯ ಲೆಕ್ಕ ಶೂನ್ಯಕ್ಕೆ ಬರಬೇಕೆಂದು 2023ರಲ್ಲಿ ಸದಸ್ಯ ದೇಶಗಳು ಒಪ್ಪಿದವು. ಅದನ್ನು ಕಡ್ಡಾಯಗೊಳಿಸುವ ನಿಯಮದ ತೀರ್ಮಾನವನ್ನು ಮಾತ್ರ 2025ರ ಅಕ್ಟೋಬರ್‌ನಲ್ಲಿ ಒಂದು ವರ್ಷ ಮುಂದೂಡಲಾಯಿತು. ಅಳತೆ ಸುಲಭ, ಅಳತೆಯ ಪ್ರಕಾರ ನಡೆಯುವುದು ಕಷ್ಟ.

ಯಂತ್ರವನ್ನೇ ನಂಬಿ ಕೂರುವುದಕ್ಕೂ ಆಗದು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಗಣಕ ವೈರಸ್ ಮರ್ಸ್ಕ್ ಕಂಪನಿಯನ್ನು ಹೊಕ್ಕಾಗ ಮುಂಬಯಿ ಬಳಿಯ ನ್ಹಾವಾ ಶೇವಾದ ಒಂದು ಟರ್ಮಿನಲ್‌ನಲ್ಲೂ ಕೆಲಸ ನಿಂತಿತು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ ಒಂದೇ ಹಡಗು ಅಡ್ಡ ಸಿಕ್ಕಿ ಸುಯೆಜ್ ಕಾಲುವೆ ಆರು ದಿನ ಮುಚ್ಚಿತು. ಆ ಹಡಗು ಎಲ್ಲಿದೆ ಎಂಬುದು ಜಗತ್ತಿಗೆಲ್ಲ ಕಾಣುತ್ತಿತ್ತು. ಕಂಡದ್ದರಿಂದ ದಾರಿ ತೆರೆಯಲಿಲ್ಲ. ಬದಲಿ ದಾರಿ, ಕೈಬರಹದ ಲೆಕ್ಕ, ಸ್ವಲ್ಪ ದಾಸ್ತಾನು ಇವು ಹಗೇವಿನ ಧಾನ್ಯದಂತೆ. ಬರಗಾಲದಲ್ಲಿಯೇ ಅವುಗಳ ಬೆಲೆ ತಿಳಿಯುವುದು.

ತಾಳಿಕೊಳ್ಳುವ ಶಕ್ತಿಯ ಇನ್ನೊಂದು ಪಾಠ 2025ರ ಮೇ 25ರದು. ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 640 ಕಂಟೈನರುಗಳೊಡನೆ ಕೇರಳದಾಚೆ ಮುಳುಗಿತು. ಕೆಲವು ಕಂಟೈನರುಗಳು ದಡಕ್ಕೆ ಬಂದವು, ಪ್ಲಾಸ್ಟಿಕ್ ಕಾಳುಗಳು ಮರಳಿನ ತುಂಬ ಹರಡಿದವು, ಮೀನುಗಾರರ ದುಡಿಮೆಗೆ ಪೆಟ್ಟು ಬಿತ್ತು. ತೇಲುವ ವಸ್ತು ಎತ್ತ ಸಾಗೀತು ಎಂಬ ಮುನ್ಸೂಚನೆ ಕೊಟ್ಟದ್ದು ಇಂಕಾಯಿಸ್ ಎಂಬ ಕೇಂದ್ರ ಸಂಸ್ಥೆ. ಅದು ಇರುವುದು ಹೈದರಾಬಾದಿನಲ್ಲಿ. ವಾಡಿ, ಸೇಡಂ, ತಾಂಡೂರಿನ ಮೇಲೆ ಹಾಯುವ, 1874ರಲ್ಲಿ ತೆರೆದ ನಿಜಾಮರ ಕಾಲದ ರೈಲುಮಾರ್ಗದ ಕೊನೆಯಲ್ಲಿ. ಸಮುದ್ರವಿಲ್ಲದ ಊರಿನಲ್ಲಿ 1999ರಿಂದ ಸಮುದ್ರದ ಲೆಕ್ಕ ಇಡಲಾಗುತ್ತಿದೆ. ಅಲೆಯ ಎತ್ತರ, ಮೀನು ಸಿಗುವ ಜಾಗ, ಸುನಾಮಿಯ ಎಚ್ಚರಿಕೆ ಅಲ್ಲಿಂದ ಹೊರಡುತ್ತವೆ. ದೋಣಿಯ ಮೀನುಗಾರನಿಗೆ ಇದು ಅವನ ಭಾಷೆಯಲ್ಲಿ, ಕಾಸಿಲ್ಲದೆ ಸಿಗುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ.

ಮೀನುಗಾರನಿಗೆ ಸಾಧ್ಯವಾದದ್ದು ತೊಗರಿ ಬೆಳೆಗಾರನಿಗೆ ಯಾಕೆ ಆಗಬಾರದು? ಯಾವ ಬಂದರಿಗೆ ಎಷ್ಟು ತೊಗರಿ ಬರುತ್ತಿದೆ, ಎಂದು ಮುಟ್ಟೀತು ಎಂಬ ಲೆಕ್ಕವನ್ನು ಮಾರುಕಟ್ಟೆಯ ಅಂಗಳದ ದರದ ಫಲಕದ ಪಕ್ಕದಲ್ಲಿ ಕನ್ನಡದಲ್ಲಿ ಬರೆಯಲು ಸೀಮೆಸುಣ್ಣ ಒಂದಿದ್ದರೂ ಸಾಕು. ಇಂದೇ ಮಾರಬೇಕೋ, ಹದಿನೈದು ದಿನ ತಡೆಯಬೇಕೋ ಎಂಬ ತೀರ್ಮಾನ ಆಗ ರೈತನದಾಗುತ್ತದೆ. ಬಂದರಿನ ಸುದ್ದಿ ಒಂದು ಕಾಲಕ್ಕೆ ಮಾನ್ಯಖೇಟದ ಅರಮನೆಯವರೆಗೆ ಬರುತ್ತಿತ್ತು. ಅಲ್ಲಿಂದ ಕೋಡ್ಲಾದ ಹೊಲಕ್ಕೆ ಇರುವುದು ಕೆಲವೇ ಹರದಾರಿ.