ಬಸಿ ನೀರಿಗೆ ದಾರಿ ಬಿಡೋಣ

(ಕೊಳಾರದಲ್ಲಿ ಡಾ. ಎಂ. ಎಂ. ಕಲಬುರ್ಗಿ ಅವರ ಸ್ಮರಣೆಯ ದಿನ ಆಡಿದ ಮಾತು)



ನಾನು ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು. ಪ್ರವಚನ ಮಾಡಲು ನನಗೆ ಬಾರದು. ಮನೆಯಲ್ಲಿ ನಡೆದ ಒಂದು ಸಂಗತಿ ಹೇಳಿ ಕುಳಿತುಕೊಳ್ಳುತ್ತೇನೆ.

ಹೋದ ವರ್ಷ ನನ್ನ ತಮ್ಮನ ಮಗ ಕೊರಳಲ್ಲಿದ್ದ ಇಷ್ಟಲಿಂಗ ತೆಗೆದು ಜಗಲಿಯ ಮೇಲಿಟ್ಟ. ಅವರವ್ವ ಅತ್ತಳು. ನಾನು ಕೇಳಿದಾಗ ಅವನಂದ: "ದೊಡ್ಡಪ್ಪ, ಜೀವಮಾನ ಎಲ್ಲಾ ವಚನಕ್ಕೇ ಕೊಟ್ಟ ಕಲಬುರ್ಗಿ ಸರ್‌ನ ಮನಿಗೇ ಬಂದು ಗುಂಡು ಹಾಕಿದ್ರು. ಧರ್ಮ ಅಂದ್ರ ಇದೇ ಏನು? ನನಗ ಯಾವುದರ ಮ್ಯಾಲೂ ನಂಬಿಕಿ ಉಳಿದಿಲ್ಲ."

"ಕೊಂದವರು ಬ್ಯಾರೆ, ನಾವು ಬ್ಯಾರೆ" ಅಂದೆ.

"ಹಂಗಾದ್ರ 1989ರಾಗ ಅವರ ಬಾಯಿ ಮುಚ್ಚಿಸಿದವರು ಯಾರು?" ಅಂದ.

ನನಗೆ ಉತ್ತರ ಹೊಳೆಯಲಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಹಾರಿದ ಗುಂಡು ನಮಗೆ ನೆನಪಿದೆ. ಅದಕ್ಕೂ 26 ವರ್ಷ ಹಿಂದಿನದನ್ನು ಮರೆತಿದ್ದೇವೆ. 'ಮಾರ್ಗ'ದ ಲೇಖನಗಳಿಗಾಗಿ ಅಂದು ಸಿಟ್ಟಿಗೆದ್ದವರು ನಮ್ಮ ಸಮಾಜದವರೇ. ಅವರು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅದು ನನ್ನ ಬೌದ್ಧಿಕ ಆತ್ಮಹತ್ಯೆ ಎಂದು ಅವರು ನೊಂದು ಹೇಳಿದರು. ಆ ಗದ್ದಲವೂ ಈ ಗುಂಡೂ ಒಂದೇ ಎನ್ನುವುದಿಲ್ಲ. ಆದರೆ ಪ್ರಶ್ನೆಗೆ ಉತ್ತರ ಕೊಡದೆ ಹೆದರಿಕೆ ಹಾಕುವ ಚಾಳಿ ಎರಡರಲ್ಲೂ ಇದೆ.

ಮಣ್ಣಿನ ಒಡ್ಡು ಕಟ್ಟುವಾಗ ನೀರು ಸ್ವಲ್ಪವೂ ಬಸಿಯಬಾರದು ಎಂದು ಯಾವ ಎಂಜಿನಿಯರೂ ಹಟ ಹಿಡಿಯುವುದಿಲ್ಲ. ಮರಳು, ಜಲ್ಲಿ ಹಾಕಿ ಬಸಿ ನೀರಿಗೆ ದಾರಿ ಬಿಡುತ್ತೇವೆ. ದಾರಿ ಕಟ್ಟಿದರೆ ಒಳಗೆ ಒತ್ತಡ ಬೆಳೆದು ಒಡ್ಡೇ ಕುಸಿಯುತ್ತದೆ. ಸಂಶಯವೂ ಹಾಗೆಯೇ. ಮನೆಯಲ್ಲಿ, ಮಠದಲ್ಲಿ ಕೇಳಲು ದಾರಿ ಇಲ್ಲದ ಹುಡುಗ ಒಂದೋ ಎಲ್ಲ ಬಿಟ್ಟು ಹೋಗುತ್ತಾನೆ, ಇಲ್ಲವೇ ದ್ವೇಷ ಕಲಿಸುವವರ ಕೈಗೆ ಸಿಗುತ್ತಾನೆ.

ಅನುಭವ ಮಂಟಪ ನಡೆದದ್ದು ನಮ್ಮದೇ ಜಿಲ್ಲೆಯ ಕಲ್ಯಾಣದಲ್ಲಿ. ಅಕ್ಕಮಹಾದೇವಿ ಬಂದಾಗ ಅಲ್ಲಮಪ್ರಭುಗಳು ಕಠಿಣ ಪ್ರಶ್ನೆಗಳನ್ನೇ ಕೇಳಿದರು, ಅಕ್ಕ ಅಂಜದೆ ಉತ್ತರಿಸಿದಳು ಎನ್ನುತ್ತದೆ ಶೂನ್ಯಸಂಪಾದನೆ. ಪ್ರಶ್ನೆಗೆ ಹೆದರುವ ಧರ್ಮ ಬಸವಣ್ಣನವರದಲ್ಲ.

ನನ್ನ ತಮ್ಮನ ಮಗ ಇನ್ನೂ ಲಿಂಗ ಕಟ್ಟಿಕೊಂಡಿಲ್ಲ. ಒತ್ತಾಯ ಮಾಡಬೇಡಿರೆಂದು ಮನೆಯವರಿಗೆ ಹೇಳಿದ್ದೇನೆ. ಸೋಮವಾರ ಸಂಜೆ ನನ್ನ ಜೊತೆ ವಚನ ಓದಲು ಕೂಡುತ್ತಾನೆ, ಜಗಳವಾಡುತ್ತಾನೆ. ಕೆಲವು ಸಲ ಅವನೇ ಗೆಲ್ಲುತ್ತಾನೆ.

ಪೂಜ್ಯರಲ್ಲಿ ಒಂದೇ ಬಿನ್ನಹ. ಪ್ರತಿ ಮಠದಲ್ಲಿ ತಿಂಗಳಿಗೊಂದು ದಿನ ಹುಡುಗರೇ ಕೇಳಲಿ, ನಾವು ಹಿರಿಯರು ಸಿಟ್ಟಾಗದೆ ಕೇಳಿಸಿಕೊಳ್ಳೋಣ. ಕಲಬುರ್ಗಿಯವರಿಗೆ ನಾವು ಸಲ್ಲಿಸಬೇಕಾದ ಬಾಕಿ ಇದು.